ಕಳಿಂಗ ಮುಳ್ಳಿಗೆ ಮಿಡತೆ ಸಿಕ್ಕಿಸಿದ್ದು

ಲೋಕಕ್ಕೆ ಇನ್ನೂ ಹೆಸರಿಡುವ ಶಾಸ್ತ್ರವೇ ಆಗಿರದ ಕಾಲ. ಮರಗಳು ಮಾತಾಡುತ್ತಿದ್ದವು, ಗಾಳಿ ಚಾಡಿ ಹೇಳುತ್ತಿತ್ತು. ಗಾಳಿ ಅದನ್ನು ಈಗಲೂ ಬಿಟ್ಟಿಲ್ಲ ಬಿಡು.

ಆಗ ಕಳಿಂಗ ಎಂಬ ಕಂದು ಹಕ್ಕಿಯೊಂದಿತ್ತು. ಕಣ್ಣಿಗೆ ದಪ್ಪಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ. ಬೇಸಿಗೆಯಲ್ಲಿ ದೂರದ ಉತ್ತರ ದೇಶದಲ್ಲಿ ಮರಿ ಮಾಡುತ್ತಿತ್ತು. ಅಲ್ಲಿ ಹಿಮ ಬೀಳುವ ಮುಂಚೆ ಹಾರಿ ಹಾರಿ ನಮ್ಮ ಕೆರೆಯಂಚಿನ ಜಾಲಿ ಮರಕ್ಕೆ ಬರುತ್ತಿತ್ತು.

"ಬಂದೆಯಾ ಮಗಳೇ," ಎನ್ನುತ್ತಿತ್ತು ಜಾಲಿ. ಆ ಒಂದು ಮಾತಿಗಾಗಿಯೇ ಕಳಿಂಗ ಬೆಟ್ಟ ದಾಟಿ ಬರುತ್ತಿತ್ತು.

ಒಂದು ವರ್ಷ ದಾರಿಯಲ್ಲಿ ಗಾಳಿ ಸಿಕ್ಕಿತು. "ಯಾಕಿಷ್ಟು ಅವಸರ? ನಿನ್ನ ಜಾಲಿಗೆ ಈಗ ಪಿಕಳಾರಾನೇ ಮಗಳು. ದಿನಾ ಅವಳ ಕೈಲಿ ಹಾಡಿಸಿಕೊಂಡು ತಲೆದೂಗ್ತಾಳೆ," ಎಂದಿತು.

ಕಳಿಂಗಕ್ಕೆ ಹೊಟ್ಟೆ ಉರಿಯಿತು. ಮೋಡದೊಳಗೆ ನೆನೆದು ಬಂದರೂ ಆ ಉರಿ ಆರಲಿಲ್ಲ.

ಬಂದು ನೋಡಿದರೆ ನಿಜವೇ. ತಾನು ಕೂರುವ ಕೊಂಬೆಯಲ್ಲೇ ಪಿಕಳಾರ ಕೂತು ಹಾಡುತ್ತಿತ್ತು. "ಬಾ ಅಕ್ಕಾ, ಇಬ್ಬರೂ ಕೂರೋಣ," ಎಂದು ಪಕ್ಕಕ್ಕೆ ಸರಿಯಿತು. ಕಳಿಂಗಕ್ಕೆ ಇನ್ನೂ ಸಿಟ್ಟು ಬಂತು. ನನ್ನ ಮನೆಯಲ್ಲಿ ನನಗೇ ಜಾಗ ಕೊಡೋಕೆ ಇವಳ್ಯಾರು?

"ಅವ್ವಾ, ಇವಳು ಬೇಕೋ, ನಾನು ಬೇಕೋ?"

"ಮೈತುಂಬ ಕೊಂಬೆ ಇದಾವಲ್ಲೇ," ಎಂದಿತು ಜಾಲಿ. "ನೀನಿಲ್ಲದಾಗ ನಾನು ಯಾರ ಜೊತೆಗೂ ಮಾತಾಡಬಾರದಾ?"

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೇ ಕಳಿಂಗ ಒಂದು ಮಿಡತೆ ಹಿಡಿದು ತಂದು ಮುಳ್ಳಿಗೆ ಸಿಕ್ಕಿಸಿತು. "ಈ ಕೊಂಬೆ ನಂದು." ಪಕ್ಕದ ಕೊಂಬೆಗೆ ಜೀರುಂಡೆ. "ಇದೂ ನಂದು." ಅದರ ಮೇಲಿನದಕ್ಕೆ ಓತಿಮರಿ. "ಇದೂ ನಂದೇ." ಪಿಕಳಾರ ಕೂರಲು ಬಂದಾಗಲೆಲ್ಲ ಕರಕರ ಎಂದು ಬೈದು ಅಟ್ಟಿತು.

ಪಿಕಳಾರ ಹೊರಟೇಹೋಯಿತು. ಇಷ್ಟು ಜಗಳ ನೋಡಿದ ಮೇಲೆ ಉಳಿದ ಹಕ್ಕಿಗಳೂ ಅತ್ತ ಸುಳಿಯಲಿಲ್ಲ.

ಈಗ ಇಡೀ ಮರ ಕಳಿಂಗದ್ದೇ. ಆದರೆ ಜಾಲಿ ತುಟಿ ಬಿಚ್ಚಲಿಲ್ಲ. ಕಳಿಂಗ ತನಗೆ ಗೊತ್ತಿದ್ದ ಹಾಡನ್ನೆಲ್ಲ ಹಾಡಿತು. ಆಗಲೂ ಇಲ್ಲ.

"ಯಾಕವ್ವಾ ಮಾತಾಡಲ್ಲ?"

"ಏನಿಲ್ಲ ಕಣೇ," ಎಂದಿತು ಜಾಲಿ ಕೊನೆಗೆ. "ಪಿಕಳಾರದ ಹಾಡು ನೆನಪಾಯ್ತು."

ಕಳಿಂಗಕ್ಕೆ ಅಳು ಬಂತು. ಅತ್ತು ಮುಗಿಸಿ, ಮೆಲ್ಲನೆ, ಯಾರಿಗೂ ಕೇಳಿಸದ ಹಾಗೆ, ಪಿಕಳಾರದ ಹಾಡನ್ನು ಕಲಿಯಲು ಕೂತಿತು.

ಅದಕ್ಕೇ ನೋಡು, ಮಳೆಗಾಲ ಮುಗಿಯುತ್ತಲೇ ಬರುವ ಕಳಿಂಗ ಮುಳ್ಳಿಗೆ ಮಿಡತೆ ಸಿಕ್ಕಿಸಿಟ್ಟು, ಜಾಲಿಯ ತುದಿಯಲ್ಲಿ ಒಂಟಿಯಾಗಿ ಕೂತು ಬೇರೆ ಹಕ್ಕಿಗಳ ಹಾಡು ಹಾಡುತ್ತದೆ. ಆ ಹಾಡಿನ ಹಕ್ಕಿಯೇ ಬಂದು ಪಕ್ಕದಲ್ಲಿ ಕೂತರೆ ಮಾತ್ರ ಕರಕರ ಎಂದು ಅಟ್ಟಿಬಿಡುತ್ತದೆ.