ಕಂಕಣ ಕಟ್ಟಿದ ಪೆಟ್ಟಿಗೆ

"ಗುರುಗಳೇ, ತಿಳಿದವರೆಲ್ಲ ಒಂದೇ ಮಾತು ಹೇಳುವಾಗ ಒಬ್ಬ ಮಾತ್ರ ಒಪ್ಪದೆ ನಿಂತರೆ ಅದು ಅಹಂಕಾರವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಕಾರಹುಣ್ಣಿಮೆಯ ಮರುದಿನ, ಒಂದು ಮಂಗಳವಾರ, ಫಕೀರಪ್ಪ ಎಂಬ ಹುಡುಗ ಮೊದಲ ಸಲ ಊರು ಬಿಟ್ಟು ನಡೆದ. ಆಗ ಅವನು ಏಳನೆಯ ತರಗತಿಯಲ್ಲಿದ್ದ. ಮಾಸ್ತರರು ಹಲಗೆಯ ಮೇಲೆ ಬರೆದದ್ದಕ್ಕೆ "ಯಾಕ್ರೀ ಹಂಗ?" ಎಂದು ಮೂರು ಸಲ ಕೇಳಿದ. "ಹೊರಗ ಹೋಗಿ ನಿಲ್ಲು" ಎಂದರು ಮಾಸ್ತರರು. ಅವನು ಹೊರಗೆ ಹೋದ. ನಿಲ್ಲಲಿಲ್ಲ.

ಆಮೇಲೆ ಅವನು ರೇಡಿಯೋ ಬಿಚ್ಚುವವರ ಹತ್ತಿರ ಕುಳಿತ, ಮೋಟಾರು ಸುತ್ತುವವರ ಹತ್ತಿರ ಕುಳಿತ. ಕಂಪ್ಯೂಟರ್ ಬಂದಾಗ ಅದನ್ನೂ ಬಿಚ್ಚಿದ. ಪುಸ್ತಕದಿಂದ ಕಲಿತದ್ದು ಕಡಿಮೆ. ಕೈಯಿಟ್ಟು, ಕಿವಿಗೊಟ್ಟು ಕಲಿತದ್ದೇ ಹೆಚ್ಚು. ಮೀಸೆ ಬಂತು, ಮೀಸೆಯಲ್ಲಿ ನರೆಯೂ ಬಂತು; ತನ್ನ ಊರು ಎಂಬುದೊಂದು ಅವನಿಗೆ ಬರಲಿಲ್ಲ.

ಹೀಗೆ ತಿರುಗುತ್ತ ಅವನು ಒಂದು ಪೇಟೆಗೆ ಬಂದ. ಅಲ್ಲಿ ಸಿದ್ರಾಮಣ್ಣ ಎಂಬ ಫೋಟೋಗ್ರಾಫರ್ ಇದ್ದ. ಆ ದಿನ ಅವನ ಸ್ಟುಡಿಯೋ ಮುಂದೆ ಕೆರೆ ಹಿಂದಿನ ಓಣಿಯವರೆಲ್ಲ ಸೇರಿದ್ದರು. "ಆ ಓಣಿ ಹೋದ ವರ್ಷವಷ್ಟೇ ಎದ್ದದ್ದು, ಕೆಡವಿಸಬೇಕು" ಎಂದು ಯಾರೋ ಅರ್ಜಿ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಅದರ ವಿಚಾರಣೆ. ಓಣಿ ಹಳೆಯದೆಂದು ತೋರಿಸಲು ಓಣಿಯವರ ಹತ್ತಿರ ಕಾಗದಪತ್ರ ಇರಲಿಲ್ಲ. ಮನೆಯ ಆಲ್ಬಮ್ಮುಗಳು ಕೆರೆಯ ನೀರು ನುಗ್ಗಿದ ವರ್ಷ ಕೊಳೆತು ಹೋಗಿದ್ದವು. ಆದರೆ ಹದಿನಾಲ್ಕು ವರ್ಷಗಳಿಂದ ಆ ಓಣಿಯ ಮದುವೆ, ತೊಟ್ಟಿಲು ಕಾರ್ಯಗಳಿಗೆಲ್ಲ ಸಿದ್ರಾಮಣ್ಣನೇ ಫೋಟೋ ತೆಗೆದಿದ್ದ. ಪ್ರತಿ ಫೋಟೋದಲ್ಲಿ ಹಿಂದೆ ಮನೆಯ ಬಾಗಿಲು, ಮೂಲೆಯಲ್ಲಿ ತಾರೀಖು. ಎಲ್ಲವೂ ಅವನ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿದ್ದವು. ಆ ಡಿಸ್ಕು ಐದು ದಿನದಿಂದ ಕೆಲಸ ನಿಲ್ಲಿಸಿತ್ತು.

ಐದು ದಿನದ ಹಿಂದೆ ಆಯುಧಪೂಜೆ. ಫೋಟೋ ಕೆಲಸ ಬೇಗ ಸಾಗಲಿ ಎಂದು ಅಂದು ನಗರದಿಂದ ಒಬ್ಬ ಇಂಜಿನಿಯರನನ್ನು ಕರೆಸಿ, ಸಿದ್ರಾಮಣ್ಣ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಿದ್ದ. ಆಮೇಲೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಸುತ್ತ ಕಂಕಣದ ದಾರ ಕಟ್ಟಿ, ಕಾಯಿ ಒಡೆದಿದ್ದ. ಕಂಕಣ ಕಟ್ಟಿದ ಸಾಮಾನನ್ನು ದೀಪಾವಳಿಯವರೆಗೆ ಬಿಚ್ಚಬಾರದು ಎಂಬುದು ಅವನ ಮನೆತನದ ನೇಮ. ಅವನ ಅಪ್ಪ ಹೊಲಿಗೆ ಯಂತ್ರಕ್ಕೂ ಹಾಗೆಯೇ ಮಾಡುತ್ತಿದ್ದ.

ಇಂಜಿನಿಯರ್ ಈಗ ಮತ್ತೆ ಬಂದಿದ್ದ. ಪರದೆಯನ್ನು ನೋಡಿ, "ಡಿಸ್ಕು ಹಳೇದು, ಹೋಗಿದೆ. ಕೊನೆಗೊಮ್ಮೆ ಫಾರ್ಮ್ಯಾಟ್ ಮಾಡಿ ನೋಡ್ತೀನಿ. ಬಂದರೆ ಬಂತು" ಎಂದ. ಫಾರ್ಮ್ಯಾಟ್ ಎಂದರೆ ಪಾಟಿ ಒರೆಸಿದ ಹಾಗೆ. ಪಾಟಿ ಉಳಿದೀತು, ಬರೆದದ್ದು ಉಳಿಯದು. ನೋಡಲು ಬಂದಿದ್ದ ಹೈಸ್ಕೂಲಿನ ಕಂಪ್ಯೂಟರ್ ಮಾಸ್ತರ ಹೌದೆಂದು ತಲೆಯಾಡಿಸಿದ. ಮೊಬೈಲ್ ಅಂಗಡಿಯವನೂ ತಲೆಯಾಡಿಸಿದ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು.

ಜನರ ನಡುವೆ ನಿಂತು ಎಲ್ಲ ತಿಳಿದುಕೊಂಡಿದ್ದ ಫಕೀರಪ್ಪ ಯಾರನ್ನೂ ಕೇಳದೆ ಒಳಗೆ ಹೋಗಿ ಪೆಟ್ಟಿಗೆಗೆ ಕಿವಿ ಹಚ್ಚಿದ. ಡಿಸ್ಕು ತಿರುಗಲು ಹೊರಡುತ್ತಿತ್ತು, ಅರ್ಧಕ್ಕೆ ಸೋತು ನಿಲ್ಲುತ್ತಿತ್ತು, ಟಿಕ್ ಎಂದು ಮತ್ತೆ ಹೊರಡುತ್ತಿತ್ತು.

"ಇದು ಸತ್ತಿಲ್ಲ, ಉಪವಾಸ ಬಿದ್ದೈತಿ" ಎಂದ. "ಕರೆಂಟು ಹಂಚೋ ಡಬ್ಬಿ ಹಳೇದು. ಇದ್ದ ರೊಟ್ಟಿ ಎಲ್ಲಾ ಹೊಸ ಅಳಿಯನ ತಾಟಿಗೆ ಬಿದ್ದಾವ. ಆ ಹೊಸ ಕಾರ್ಡು ಬಿಚ್ಚರಿ, ನೋಡೋಣು."

ಆ ಕಾರ್ಡನ್ನು ಹಾಕಿದವನು ಇಂಜಿನಿಯರೇ. ಅವನು ನಕ್ಕ. "ಎಷ್ಟು ಓದಿದ್ದೀಯಪ್ಪಾ ನೀನು?"

"ಏಳನೇತ್ತೆ, ಅದೂ ಪೂರಾ ಅಲ್ಲ, ಸಾಹೇಬ್ರ. ಸ್ಕ್ರೂ ಬಿಚ್ಚಾಕ ಅಷ್ಟ ಸಾಕು."

ಸಿದ್ರಾಮಣ್ಣ ಅಡ್ಡ ಬಂದ. "ಕಂಕಣ ಮುಟ್ಟಬ್ಯಾಡ! ಪೂಜಿ ಮಾಡಿದ ಸಾಮಾನದಾಗ ದೋಷ ಎಲ್ಲಿಂದ ಬರತೈತಿ?"

"ಪೂಜಿ ಮಾಡೋ ಹೊತ್ತಿಗೆ ಡಿಸ್ಕೂ ಅದರೊಳಗ ಇತ್ತಲ್ಲೋ ಅಣ್ಣಾ. ಅದಕ್ಕ ಕುಂಕುಮ ಮುಟ್ಟಲಿಲ್ಲೇನು?"

ಫಕೀರಪ್ಪ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತ. "ನಾನು ಹೇಳೋದು ತಪ್ಪಿರಬಹುದು. ತಪ್ಪಾದರ ಕಾರ್ಡು ಹತ್ತು ನಿಮಿಷದಾಗ ತಿರುಗಿ ಹಾಕ್ತೀನಿ. ಸಾಹೇಬ್ರ, ನಿಮ್ಮ ಮಾತು ತಪ್ಪಾದರ ಒರೆಸಿದ ಫೋಟೋ ತಿರುಗಿ ಹಾಕೋರು ಯಾರು? ಅದನ್ನ ಹೇಳೋ ತನಕ ನಾನು ಇಲ್ಲಿಂದ ಕದಲಂಗಿಲ್ಲ. ಪೊಲೀಸರನ್ನ ಕರೀರಿ, ಯಾರನ್ನರ ಕರೀರಿ."

ಇಂಜಿನಿಯರ್ ಗಡಿಯಾರ ನೋಡಿಕೊಂಡ. ಓಣಿಯ ಹಿರಿಯಳು ದ್ಯಾಮವ್ವ ಮುಂದೆ ಬಂದಳು. "ಸಿದ್ರಾಮಾ, ಕಂಕಣದ ಕೇಡು ನನ್ನ ತಲಿ ಮ್ಯಾಲ ಇರಲಿ. ನಾಳೆ ಮನಿ ಹೋದರ ಆ ತಲಿನರ ಎಲ್ಲಿ ಇಡ್ಲಿ ನಾನು?"

ಸಿದ್ರಾಮಣ್ಣ ಕೈಮುಗಿದು, ದಾರ ಹರಿಯದಂತೆ ಗಂಟು ಬಿಚ್ಚಿದ.

ಫಕೀರಪ್ಪ ಕಾರ್ಡನ್ನು ಬಿಚ್ಚಿ ಬಟ್ಟೆಯ ಮೇಲೆ ಇಟ್ಟ. ಪರದೆಯ ವೈರನ್ನು ಹಳೆಯ ಜಾಗಕ್ಕೆ ಸಿಕ್ಕಿಸಿ ಗುಂಡಿ ಒತ್ತಿದ. ಡಿಸ್ಕು ಹೊರಟಿತು, ಅರ್ಧಕ್ಕೆ ಬಂತು, ಅರ್ಧ ದಾಟಿತು. ಆಮೇಲೆ ಅದು ಒಂದೇ ಸಮನೆ ತಿರುಗುವ ಸದ್ದು ಎಲ್ಲರಿಗೂ ಕೇಳಿತು.

ಪರದೆಯ ಮೇಲೆ ಮೊದಲು ಬಂದದ್ದು ಒಂದು ತೊಟ್ಟಿಲು. ಅದರ ಹಿಂದೆ ದ್ಯಾಮವ್ವನ ಮನೆಯ ನೀಲಿ ಬಾಗಿಲು. ಮೂಲೆಯ ತಾರೀಖು ಹನ್ನೆರಡು ವರ್ಷ ಹಳೆಯದು. ದ್ಯಾಮವ್ವ ಆ ತಾರೀಖನ್ನು ಓದಲಾರಳು. ಇಂಜಿನಿಯರನೇ ಓದಿ ಹೇಳಿದ. ಆಮೇಲೆ ತನ್ನ ಚೀಲದಿಂದ ಪೆನ್ ಡ್ರೈವ್ ತೆಗೆದು ಪ್ರತಿ ಮಾಡಲು ಕುಳಿತ. ಸಂಜೆಯ ಹೊತ್ತಿಗೆ ಓಣಿಯವರ ಕೈಯಲ್ಲಿ ಮನೆಗೊಂದರಂತೆ ಫೋಟೋ ಇತ್ತು.

"ಇಲ್ಲೇ ಇರು ತಮ್ಮಾ" ಎಂದ ಸಿದ್ರಾಮಣ್ಣ. "ಬಾಜೂಕ ಖೋಲಿ ಖಾಲಿ ಐತಿ. ಇನ್ನ ಮ್ಯಾಲ ಈ ಪ್ಯಾಟ್ಯಾಗ ನೀ ಹೇಳಿದ್ದ ಮಾತು."

ಫಕೀರಪ್ಪ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ. "ಅದಕ್ಕ ಹೊಂಟೀನಿ ಅಣ್ಣಾ. ಇಲ್ಲೇ ಕುಂತರ ನಾಳಿ ನಾನೂ ತಿಳಿದವರ ಸಾಲಿನಾಗ ನಿಂತು ತಲಿ ಆಡಿಸ್ತೀನಿ" ಎಂದು ಚೀಲದ ಬಾಯಿ ಕಟ್ಟತೊಡಗಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಯಿತು. "ತಿಳಿಯಿತು ಗುರುಗಳೇ. ಅವನ ಮಾತು ನಿಜವಾಯಿತು. ಆದ್ದರಿಂದ ಅದು ಅಹಂಕಾರವಲ್ಲ."

"ಡಿಸ್ಕು ಏಳದೇ ಹೋಗಿದ್ದರೂ, ಮೊದಲು ಬಿಚ್ಚಬೇಕಾದದ್ದು ಆ ಕಾರ್ಡನ್ನೇ" ಎಂದರು ಗುರುಗಳು.