ಚುಕ್ಕಮ್ಮ ಆರಿಸಿದ ಹೂಗಿಡಗಳು

ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಸುಡುವ ಒಂದು ಕಾಡಿನಲ್ಲಿ ಚುಕ್ಕಮ್ಮ ಎಂಬ ಗೌಜಲಕ್ಕಿ ಇದ್ದಳು. ಒಂದು ಬೇಸಿಗೆಯಲ್ಲಿ ಕಾಡ್ಗಿಚ್ಚಿಗೆ ಅವಳ ಪೊದೆ ಸುಟ್ಟುಹೋಯಿತು. ಅವಳು ಗುಡ್ಡದ ಬುಡಕ್ಕೆ ಬಂದು, ಒಂದು ಹಾಸುಬಂಡೆಯ ಪಕ್ಕ ಹೊಸ ಗೂಡು ಮಾಡಿಕೊಂಡಳು. ಜಾಗವೇನೋ ಚೆನ್ನಾಗಿತ್ತು. ಆದರೆ ಸುತ್ತ ಒಂದು ಗಿಡವೂ ಇರಲಿಲ್ಲ. ಮೇಲೆ ಹಾರುವ ಗಿಡುಗನಿಗೆ ಗೂಡು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು.

"ಮಳೆ ಬೀಳಲಿ, ಅಂಗಳದ ತುಂಬ ಹೂಗಿಡ ಬೆಳೆಸುತ್ತೇನೆ. ಮರಿಗಳಿಗೆ ನೆರಳೂ ಆಯಿತು, ಮರೆಯೂ ಆಯಿತು" ಎಂದುಕೊಂಡಳು ಚುಕ್ಕಮ್ಮ.

ಮೊದಲ ಮಳೆ ಬಿದ್ದ ಮರುದಿನವೇ ಆ ಗುಡ್ಡದ ನರಿ ಕೆಂಚಣ್ಣ ಬಂದ. ಬಾಯಲ್ಲಿ ಹೂಬಿಟ್ಟ ಒಂದು ರೆಂಬೆ ಕಚ್ಚಿಕೊಂಡಿದ್ದ. ಒಂದೇ ಗೊಂಚಲಿನಲ್ಲಿ ಹಳದಿ, ಗುಲಾಬಿ, ಕಿತ್ತಳೆ ಬಣ್ಣದ ಹೂಗಳು!

"ನೋಡು ಚುಕ್ಕಮ್ಮ, ಇದು ಲಂಟಾನ! ಕಡಲಾಚೆಯ ಗಿಡ. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ. ಒಂದು ಮಳೆಗಾಲ ಮುಗಿಯೋದರೊಳಗೆ ನಿನ್ನ ಗೂಡಿನ ಸುತ್ತ ಗೋಡೆ ಎದ್ದುಬಿಡುತ್ತೆ."

"ನಾನು ತಂಗಡಿ ಹಾಕೋಣ ಅಂತಿದ್ದೆ, ಕೆಂಚಣ್ಣ."

ಕೆಂಚಣ್ಣ ಮೂಗು ಮುರಿದ. "ತಂಗಡಿಯಾ? ದಾರಿ ಬದಿಯ ಗಿಡವನ್ನ ಯಾರಾದರೂ ಅಂಗಳದಲ್ಲಿ ಹಾಕ್ತಾರಾ?"

ಹೂವು ನಿಜವಾಗಿಯೂ ಚೆಂದವಿತ್ತು. ಚುಕ್ಕಮ್ಮನ ಮನಸ್ಸು ಒಂದು ಗಳಿಗೆ ಅತ್ತ ವಾಲಿತು. ಆದರೂ ಅವಳು ಕೇಳಿದಳು, "ಈ ಗಿಡ ಎಲ್ಲಿ ಬೆಳೆದಿದೆ?"

"ಗುಡ್ಡದ ಆಚೆ. ಅಷ್ಟು ದೂರ ಯಾಕೆ ನಡೀತೀಯ ತಾಯಿ? ನಾನೇ ತಂದು ನೆಟ್ಟುಕೊಡ್ತೀನಿ."

"ಗಿಡ ಹೇಗೆ ಬೆಳೆದಿದೆ ಅಂತ ನೋಡದೆ ನಾನು ಅಂಗಳಕ್ಕೆ ಹಾಕಲ್ಲ" ಎಂದು ಚುಕ್ಕಮ್ಮ ಹೊರಟೇಬಿಟ್ಟಳು.

ಗುಡ್ಡದ ಆಚೆ ಲಂಟಾನ ಆಳೆತ್ತರಕ್ಕೆ ಹಬ್ಬಿತ್ತು. ಹೊರಗೆ ಹೂವೋ ಹೂವು. ಬಗ್ಗಿ ಒಳಗೆ ನೋಡಿದರೆ ನೆಲ ಬೋಳು. ಒಂದು ಹುಲ್ಲಿನ ಎಸಳಿಲ್ಲ. ಎಲೆಗಳನ್ನು ಒಂದು ಹುಳವೂ ತಿಂದಿರಲಿಲ್ಲ. ಹುಳುವಿಲ್ಲದ ಕಡೆ ಗೌಜಲ ಮರಿ ಏನು ತಿಂದು ಬದುಕಬೇಕು? ಇನ್ನೂ ಒಳಗೆ ಕಣ್ಣಾಡಿಸಿದಳು. ಅಲ್ಲಿ ಗರಿಗಳ ಒಂದು ರಾಶಿ ಬಿದ್ದಿತ್ತು. ಪಕ್ಕದಲ್ಲೇ ನರಿಯ ಹೆಜ್ಜೆ! ಚುಕ್ಕಮ್ಮನಿಗೆ ಎಲ್ಲ ಅರ್ಥವಾಯಿತು. ಕೆಂಚಣ್ಣ ಗೋಡೆ ಎಬ್ಬಿಸಲು ಹೊರಟದ್ದು ತಾನು ಅಡಗಿ ಕೂರುವುದಕ್ಕೆ.

ಹಿಂದಿರುಗಿ ಬಂದವಳು ನೇರವಾಗಿ ಹೇಳಿದಳು, "ನಿನ್ನ ಗಿಡ ನನಗೆ ಬೇಡ. ನನ್ನ ಅಂಗಳಕ್ಕೆ ಏನು ಬೇಕು ಅಂತ ನನಗೆ ಗೊತ್ತು."

ಬಿಸಿಲು ಹೆಚ್ಚು ಬೀಳುವ ಕಡೆ ತಂಗಡಿ ಬೀಜ ಹಾಕಿದಳು. ತಗ್ಗಿನಲ್ಲಿ, ತೇವ ನಿಲ್ಲುವ ಕಡೆ, ಲಕ್ಕಿ ಗಿಡದ ಕಡ್ಡಿ ಊರಿದಳು. ಹೊರಸುತ್ತಿಗೆ ಕವಳೆ ಬೀಜ. ಕವಳೆಯ ಬಿಳಿ ಹೂವಿಗೆ ಮಲ್ಲಿಗೆಯಂಥ ಪರಿಮಳ, ಆದರೆ ಅದರ ಮುಳ್ಳಿನ ಹತ್ತಿರ ಯಾವ ನರಿಯೂ ಸುಳಿಯುವುದಿಲ್ಲ.

ಕೆಂಚಣ್ಣನಿಗೆ ಉರಿದುಹೋಯಿತು. ಅಂಗಳದ ಎದುರಿಗೇ ಇಪ್ಪತ್ತು ಹೆಜ್ಜೆ ದೂರದಲ್ಲಿ ಲಂಟಾನ ನೆಟ್ಟ. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಪೊದೆಯಾಗಿ ಹೂ ಬಿಟ್ಟಿತು. ಚುಕ್ಕಮ್ಮನ ಗಿಡಗಳು ಇನ್ನೂ ಗೇಣುದ್ದ.

"ಹೇಗಿದೆ ನಿನ್ನ ತೋಟ? ಹುಲ್ಲಿಗಿಂತ ಎತ್ತರ ಆಯ್ತಾ?" ಎಂದು ನಕ್ಕ ನರಿ.

ಆ ವರ್ಷ ಹುಟ್ಟಿದ ಮರಿಗಳಲ್ಲಿ ಎರಡನ್ನು ಗಿಡುಗ ಎತ್ತಿಕೊಂಡು ಹೋಯಿತು. ಚುಕ್ಕಮ್ಮ ಎರಡು ದಿನ ಕಾಳು ಮುಟ್ಟಲಿಲ್ಲ. ಲಂಟಾನ ಹಾಕಿದ್ದರೆ ಮರಿಗಳು ಉಳಿಯುತ್ತಿದ್ದವೇ ಎಂದು ತನ್ನನ್ನೇ ಕೇಳಿಕೊಂಡಳು. 'ಇಲ್ಲ, ಗಿಡುಗನ ಬದಲು ನರಿ ತಿನ್ನುತ್ತಿತ್ತು, ಅಷ್ಟೆ' ಎನಿಸಿತು. ಎದ್ದಳು. ನರಿಯ ಪೊದೆಯಿಂದ ಬೀಜ ಬಿದ್ದು ತನ್ನ ಅಂಗಳದಲ್ಲಿ ಮೊಳೆತಿದ್ದ ಲಂಟಾನದ ಸಸಿಗಳನ್ನು ಕೆದಕಿ ಕೆದಕಿ ಕಿತ್ತಳು.

ಮರುವರ್ಷ ತಂಗಡಿ ಅಂಗಳದ ತುಂಬ ಹಳದಿ ಚೆಲ್ಲಿತು. ಲಕ್ಕಿಯ ನೀಲಿ ಗೊಂಚಲಿಗೆ ಜೇನು ಮುತ್ತಿತು. ತಂಗಡಿ ಎಲೆಗಳಲ್ಲಿ ಹಸಿರು ಹುಳುಗಳು ಹರಿದಾಡಿದವು. ಹೊಸ ಮರಿಗಳು ಹೊಟ್ಟೆ ತುಂಬ ತಿಂದು ನೆರಳಿನಲ್ಲಿ ಆಡಿದವು. ಗಿಡುಗ ಮೇಲೆ ಎಷ್ಟು ಸುತ್ತಿದರೂ ಒಂದೂ ಮರಿ ಕಣ್ಣಿಗೆ ಬೀಳಲಿಲ್ಲ.

ಕೆಂಚಣ್ಣನ ತಾಳ್ಮೆ ಮುಗಿಯಿತು. ಒಂದು ಸಂಜೆ ಲಂಟಾನದ ಮರೆಯಲ್ಲಿ ಕುಳಿತು ದನಿ ಬದಲಾಯಿಸಿ ಕರೆದ, "ಮಕ್ಕಳೇ, ಬನ್ನಿ, ಇಲ್ಲಿ ಕರೀ ಹಣ್ಣು ಗೊಂಚಲು ಗೊಂಚಲಾಗಿದೆ!"

ಒಂದು ತುಂಟ ಮರಿ ಕತ್ತೆತ್ತಿತು. ಎರಡು ಹೆಜ್ಜೆ ಇಟ್ಟಿತು.

"ನಿಲ್ಲು! ಅಲ್ಲಿಂದ ಒಂದು ಹೆಜ್ಜೆ ಮುಂದೆ ಇಡಬೇಡ" ಎಂದು ಚುಕ್ಕಮ್ಮ ಕೂಗಿದಳು.

ಮರಿ ನಿಂತಿತು. ನರಿ ಇನ್ನೂ ಒಳಕ್ಕೆ ಸರಿದು ಹೊಂಚಿ ಕುಳಿತ. ಅವನ ಬೆನ್ನ ಹಿಂದೆ ಬಿಸಿಯುಸಿರು ತಾಗಿತು. ತಿರುಗಿ ನೋಡಿದರೆ ಚಿರತೆ! ಅಡಗಿಕೊಳ್ಳಲು ಇಂಥ ದಟ್ಟ ಪೊದೆ ಸಿಕ್ಕಿದ್ದಕ್ಕೆ ಅದೂ ಬೆಳಗಿನಿಂದ ಅಲ್ಲೇ ಮಲಗಿತ್ತು.

"ಅಯ್ಯಯ್ಯೋ!" ಎಂದು ಕೆಂಚಣ್ಣ ಹಾರಿದ. ಅರ್ಧ ಬಾಲ ಚಿರತೆಯ ಬಾಯಲ್ಲಿ ಉಳಿಯಿತು. ಕಣ್ಣು ಕಾಣದೆ ಓಡಿದವನು ಕವಳೆ ಬೇಲಿಗೆ ನುಗ್ಗಿದ. ಮೂತಿ, ಕಾಲು, ಹೊಟ್ಟೆ ಎಲ್ಲ ಕಡೆ ಮುಳ್ಳು ನೆಟ್ಟಿತು. ಹೇಗೋ ಬಿಡಿಸಿಕೊಂಡು, ಕುಂಟುತ್ತಾ ಗುಡ್ಡ ದಾಟಿದ. ಆಮೇಲೆ ಆ ಕಡೆ ಅವನು ತಲೆ ಹಾಕಲಿಲ್ಲ. ಚಿರತೆಯೂ ಬೇಟೆ ತಪ್ಪಿದ ಸಿಟ್ಟಿಗೆ ಬೇರೆ ಕಾಡಿಗೆ ಹೋಯಿತು.

ಮುಂದಿನ ಮಳೆಗೆ ಗುಡ್ಡದ ಮೊಲಗಳು, ಪುರಲೆ ಹಕ್ಕಿಗಳು ಒಂದೊಂದಾಗಿ ಬಂದು ಕೇಳಿದವು, "ಚುಕ್ಕಮ್ಮ, ನಮಗೂ ನಾಲ್ಕು ತಂಗಡಿ ಬೀಜ ಕೊಡ್ತೀಯಾ?"

"ಬೇಕಾದಷ್ಟು ತಗೊಳ್ಳಿ. ಆದರೆ ಮೊದಲ ವರ್ಷ ಗಿಡ ಸಣ್ಣಗಿದೆ ಅಂತ ಕಿತ್ತು ಹಾಕಬೇಡಿ" ಎಂದಳು ಚುಕ್ಕಮ್ಮ.

ನೀತಿ: ಹೂವಿನ ಬಣ್ಣಕ್ಕೂ ಮಾತಿನ ಬಣ್ಣಕ್ಕೂ ಮರುಳಾಗದೆ, ನಮ್ಮ ಮಣ್ಣಿಗೆ, ನಮ್ಮ ಬಿಸಿಲಿಗೆ ಒಗ್ಗಿದ್ದನ್ನು ಆರಿಸಿಕೊಂಡು ತಾಳ್ಮೆಯಿಂದ ಬೆಳೆಸಬೇಕು, ಅದೇ ನಮ್ಮನ್ನು ಕಾಯುತ್ತದೆ.