ಮೊದಲ ಕರೆಗೆ ಓಗೊಡಬೇಡಿ

ಮಲಾವಿ ದೇಶದ ಚಿಲಂಗ್ವೆ ಎಂಬ ಹಳ್ಳಿಯಲ್ಲಿ ಪೂಜ್ಯ ಮದಲೇನಮ್ಮನವರು ನಡೆಸುತ್ತಿದ್ದ ಆಸ್ಪತ್ರೆಯನ್ನು ಕಂಡವರು ಮೊದಲು ಕೇಳುತ್ತಿದ್ದ ಮಾತೇ ‘ಆಸ್ಪತ್ರೆ ಎಲ್ಲಿ?’ ಎಂದು. ಹುಲ್ಲು ಹೊದಿಸಿದ ಉದ್ದನೆಯ ಮಣ್ಣಿನ ಮನೆ, ನೆಲದ ಮೇಲೆ ಚಾಪೆಗಳು, ಮೂಲೆಯಲ್ಲಿ ಮದ್ದಿನ ತಗಡಿನ ಪೆಟ್ಟಿಗೆ, ಅದರ ಮೇಲೊಂದು ಮರದ ಶಿಲುಬೆ. ಹಿಂಬದಿಗೆ ಗೋಡೆಯೂ ಇರಲಿಲ್ಲ. ಅಲ್ಲಿಂದಲೇ ಆಳೆತ್ತರದ ಹುಲ್ಲುಗಾಡು ಶುರುವಾಗಿ ಹೊಳೆಯವರೆಗೂ ಹಬ್ಬಿತ್ತು. ಕನಕಪುರದ ಕಡೆಯ ರಾಗಿ ಹೊಲಗಳಲ್ಲಿ ಬೆಳೆದ ಅಮ್ಮನವರು ಕನ್ಯಾಮಠ ಸೇರಿ, ನರ್ಸಿಂಗ್ ಕಲಿತು, ಹರೆಯದಲ್ಲೇ ಅಲ್ಲಿಗೆ ಹೋದವರು ಮತ್ತೆ ಊರಿನ ಕಡೆ ಮುಖ ಮಾಡಲಿಲ್ಲ.

ಅಲ್ಲಿ ಗುಣವಾದವರು ಗಂಟುಮೂಟೆ ಕಟ್ಟಿ ಮನೆಗೆ ಓಡುವಂತಿರಲಿಲ್ಲ. “ನಿನ್ನ ಪಕ್ಕ ಒಬ್ಬರು ಕೂತಿದ್ದರಲ್ಲ, ಈಗ ನೀನು ಕೂರು” ಎನ್ನುತ್ತಿದ್ದರು ಅಮ್ಮನವರು. ಗುಣವಾದವರು ಹೊಸ ರೋಗಿಯ ಚಾಪೆಯ ಪಕ್ಕ ಕೂತು ನೀರು ಕುಡಿಸಬೇಕು, ಜಪ ಹೇಳಬೇಕು, ಕೈ ಬಿಡಬಾರದು. ಹಾಗೆ ಕೂತು ಕೂತೇ ಎಷ್ಟೋ ಮಂದಿ ಶುಭಸಂದೇಶ ಕಲಿತರು, ದೀಕ್ಷಾಸ್ನಾನ ಪಡೆದರು. ಅಮ್ಮನವರ ಪಾಲಿಗೆ ಪ್ರಭುವಿನ ಶಿಷ್ಯರೆಂದರೆ ಇವರೇ.

ಇನ್ನೊಂದು ಮಾತಿದೆ. ಆ ಊರಿನವರು ಹೆಸರು ಹಿಡಿದು ಕರೆದರೆ ಮೊದಲ ಸಲ ಓಗೊಡುವುದಿಲ್ಲ. ಜ್ವರದ ಕಾಲದಲ್ಲಿ ಹುಲ್ಲಿನೊಳಗಿಂದ ಏನೋ ಒಂದು ಕರೆಯುತ್ತದಂತೆ. ಬಲ್ಲವರ ದನಿಯಲ್ಲೇ ಕರೆಯುತ್ತದಂತೆ, ಆದರೆ ಒಂದೇ ಸಲ. ಓ ಎಂದವರು ಎದ್ದು ಹುಲ್ಲಿನೊಳಗೆ ನಡೆದುಬಿಡುತ್ತಾರೆ. ಆದ್ದರಿಂದ ಅಮ್ಮನವರು ಪ್ರತಿಯೊಬ್ಬರ ಹೆಸರನ್ನೂ ಬೇಸರವಿಲ್ಲದೆ ಮತ್ತೆ ಮತ್ತೆ ಕರೆಯುತ್ತಿದ್ದರು. ನೀವು ನಗಬೇಡಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಲಗುತ್ತಿದ್ದವರ ಮೊಮ್ಮಕ್ಕಳು ನಾವು!

ನಕ್ಕವರು ಡಾಕ್ಟರ್ ಜೋಜಪ್ಪನವರು. ನಮ್ಮ ಸೀಮೆಯವರೇ. ಒಂದು ವರ್ಷದ ಸೇವೆಗೆಂದು ಹೋದವರು, ಒಳ್ಳೆಯ ಕೈಗುಣದವರು, ಆದರೆ ಮೂಗಿನ ತುದಿಯಲ್ಲೇ ಕೋಪ. ಸೂಜಿ ಹಾಕುವ ಮೊದಲು ಅಮ್ಮನವರು ಕಣ್ಣು ಮುಚ್ಚಿದರೆ ಇವರಿಗೆ ಮೈಯೆಲ್ಲ ಉರಿ.

“ಪ್ರಾರ್ಥನೆಗೆ ದೇವಾಲಯ ಇದೆ, ಮದ್ದಿಗೆ ಆಸ್ಪತ್ರೆ ಇದೆ. ಎರಡನ್ನೂ ಕಲಸಿ ಚಿತ್ರಾನ್ನ ಮಾಡ್ತೀರಲ್ಲಮ್ಮ!” ಎಂದು ಒಮ್ಮೆ ರೇಗಿದರು.

“ಚಿತ್ರಾನ್ನ ತಿಂದು ಎಷ್ಟು ವರ್ಷವಾಯ್ತಪ್ಪ” ಎಂದು ಅಮ್ಮನವರು ನಕ್ಕುಬಿಟ್ಟರು. ಆ ಮಾತು ಅಲ್ಲಿಗೆ ನಿಂತಿತು.

ಆ ವರ್ಷ ಜ್ವರ ಜೋರಾಗಿತ್ತು. ಮಸೌತ್ಸೊ ಎಂಬ ರೈತ ತನ್ನ ಮಗಳು ಫಲೇಸಿಯನ್ನು ಹೆಗಲ ಮೇಲೆ ಹೊತ್ತು ತಂದ. ಹೆಂಡತಿಯನ್ನು ಹಿಂದಿನ ಮಳೆಗಾಲದ ಜ್ವರ ಕೊಂಡೊಯ್ದಿತ್ತು. ಉಳಿದಿದ್ದು ಈ ಒಂದು ಕೂಸು. ಮಲೇರಿಯಾ ತಲೆಗೇರಿ ಹುಡುಗಿ ಏನೇನೋ ಬಡಬಡಿಸುತ್ತಿದ್ದಳು. ಡಾಕ್ಟರು ತಡಮಾಡದೆ ಕ್ವಿನೈನ್ ಕೊಟ್ಟರು. ಅಮ್ಮನವರು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಗುಣವಾಗಿದ್ದ ಒಬ್ಬ ಹೆಂಗಸನ್ನು ಅವಳ ಪಕ್ಕ ಕೂರಿಸಿದರು. ಮರುದಿನ ಬೆಳಿಗ್ಗೆ ಹೊಳೆಯಾಚೆಯ ಹಟ್ಟಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕಲು ಹೊರಟಾಗ ಒಂದೇ ಮಾತು ಹೇಳಿದರು: “ಮಗುವನ್ನು ಒಂಟಿ ಬಿಡಬೇಡಿ.”

ಬಿಟ್ಟರು. “ಗಾಳಿ ಆಡಬೇಕು, ಇಷ್ಟು ಜನ ಯಾಕೆ?” ಎಂದು ಡಾಕ್ಟರು ಗದರಿಸಿ, ಜೊತೆಗಿದ್ದ ಹೆಂಗಸನ್ನು ಮನೆಗೆ ಕಳಿಸಿದರು. ಅಪ್ಪನನ್ನು ಮುಂದಿನ ಮಾವಿನ ಮರದ ಕೆಳಗೆ ಅಟ್ಟಿದರು.

ಮಟಮಟ ಮಧ್ಯಾಹ್ನ. ಹುಳುಗಳ ಸದ್ದೂ ನಿಂತಿತ್ತು. ಡಾಕ್ಟರು ಮತ್ತೊಂದು ಸೂಜಿ ತುಂಬಿಕೊಂಡು ಬಾಗಿಲಲ್ಲಿ ನಿಂತು “ಫಲೇಸಿ!” ಎಂದು ಒಂದು ಸಲ ಕರೆದರು.

ಹಿಂದಿನ ಹುಲ್ಲಿನೊಳಗಿಂದ “ಫಲೇಸಿ!” ಎಂದು ಇನ್ನೊಂದು ದನಿ ಬಂತು. ಅವರದೇ ದನಿ. ಅವರದೇ ಕನ್ನಡದ ರಾಗ. ಬಟ್ಟಬಯಲಲ್ಲಿ ಎಲ್ಲಿಯ ಪ್ರತಿಧ್ವನಿ! ಒಳಗೆ ಹುಡುಗಿ ಸ್ಪಷ್ಟವಾಗಿ “ಓ” ಎಂದಳು. ಡಾಕ್ಟರು ಒಳಗೆ ಹೋಗುವಷ್ಟರಲ್ಲಿ ಚಾಪೆ ಖಾಲಿ. ಹಿಂದುಗಡೆ ಹುಲ್ಲಿನ ತುದಿಗಳು ಸಾಲಾಗಿ ಬಾಗುತ್ತಾ ದೂರ ಸರಿಯುತ್ತಿದ್ದವು, ಗಾಳಿಯ ಸುಳಿವೇ ಇರಲಿಲ್ಲ.

ಸೂಜಿ ಎಸೆದು ಹುಲ್ಲಿಗೆ ನುಗ್ಗಿದರು. ಸ್ವಲ್ಪ ದೂರದಲ್ಲಿ ಆ ಪುಟ್ಟ ಬೆನ್ನು ಕಂಡಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಗ ಪಕ್ಕದಿಂದಲೇ ಯಾರೋ ಕರೆದರು:

“ಜೋಜೀ, ಮುದ್ದೆ ಆರೋಗ್ತದೆ ಬಾರೋ.”

ಅವರ ತಾಯಿ. ಇವರು ಕಾಲೇಜಿನಲ್ಲಿದ್ದಾಗಲೇ ಮಣ್ಣಾದ ತಾಯಿ. ಪಾಪ, ಯಾವ ಮಗ ತಡೆದುಕೊಂಡಾನು! “ಬಂದೇ ಕಣವ್ವಾ” ಎಂದುಬಿಟ್ಟರು.

ಆಮೇಲೆ ಕಾಲು ತಮ್ಮ ಮಾತು ಕೇಳಲಿಲ್ಲ ಎಂದು ಅವರೇ ನನಗೆ ಹೇಳಿದರು. ಬಿಸಿಲು ಹೋಗಿ ಹಿತವಾದ ತಂಪು ಹತ್ತಿತಂತೆ. ಒಲೆಯ ಹೊಗೆಯ ವಾಸನೆ ಬಂತಂತೆ. ಹುಡುಗಿ ಪಕ್ಕದಲ್ಲೇ ನಡೆಯುತ್ತಿದ್ದಳು. ಅವಳನ್ನು ನೋಡಿದರು. ತಡೆಯಬೇಕು ಎಂದು ಅನಿಸಲೇ ಇಲ್ಲ. “ಅದನ್ನು ನೆನೆದರೆ ಇವತ್ತಿಗೂ ಮೈ ಜುಂ ಎನ್ನುತ್ತದೆ” ಎಂದರು.

ಅಷ್ಟರಲ್ಲಿ ಬೆನ್ನ ಹಿಂದೆ ಮದಲೇನಮ್ಮನವರ ದನಿ. “ಫಲೇಸೀ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ “ಫಲೇಸೀ.” ಆಮೇಲೆ “ಜೋಜಪ್ಪಾ.” ಕೂಗಾಟವಲ್ಲ, ಗಾಬರಿಯಲ್ಲ. ಆಡುತ್ತಿರುವ ಮಕ್ಕಳನ್ನು ಸಂಜೆ ಹೊಸ್ತಿಲಲ್ಲಿ ನಿಂತು ಕರೆಯುವ ಹಾಗೆ, ಬರುವವರೆಗೂ ಬಿಡೆನು ಎನ್ನುವ ಹಾಗೆ. ಮೊದಲು ತಿರುಗಿದವಳು ಹುಡುಗಿ. ಅವಳು ಡಾಕ್ಟರ ಬೆರಳು ಹಿಡಿದು ಎಳೆದಳು. ಆ ದನಿಯ ಜಾಡು ಹಿಡಿದು ಇಬ್ಬರೂ ಹೊರಗೆ ಬಂದರು.

ಹುಲ್ಲಿನ ಅಂಚಿನಲ್ಲಿ ಮಸೌತ್ಸೊ ಮೊಣಕಾಲೂರಿ ಅಳುತ್ತಿದ್ದ. ಮಗಳನ್ನು ಬಾಚಿ ತಬ್ಬಿಕೊಂಡು ಕೇಳಿದ: “ಮದಲೇನಮ್ಮ ಕರೆದದ್ದು ನನಗೂ ಕೇಳಿಸಿತು. ಅಮ್ಮ ಎಲ್ಲಿ?”

ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅಮ್ಮನವರು ಬಂದದ್ದು ಬಿಸಿಲು ಇಳಿದ ಮೇಲೆ. ಹೊಳೆ ದಾಟಿ ಸೊಂಟದವರೆಗೆ ಒದ್ದೆಯಾಗಿದ್ದರು. ಡಾಕ್ಟರು ಎದ್ದು ನಿಂತು, “ಕರೆದವರು ನೀವೇ ತಾನೇ ಅಮ್ಮ?” ಎಂದು ಕೇಳಿದರು.

“ನಾನು ಹೊಳೆಯಾಚೆ ಮಧ್ಯಾಹ್ನದ ಜಪಕ್ಕೆ ಕೂತಿದ್ದೆನಪ್ಪ. ನಿಮ್ಮಿಬ್ಬರ ಹೆಸರೇ ಬಾಯಿಗೆ ಬಂತು, ಹೇಳುತ್ತಲೇ ಇದ್ದೆ” ಎಂದರು ಅಮ್ಮನವರು. ಹುಡುಗಿಯ ಹಣೆ ಮುಟ್ಟಿ ನೋಡಿದರು. “ಸೂಜಿ ಎಲ್ಲಿ? ಹೊತ್ತು ಮೀರಿದೆ. ಜಪ ಮಾಡಿದೆ ಅಂತ ಮದ್ದು ತಪ್ಪಿಸೋದುಂಟಾ!”

ಡಾಕ್ಟರು ಸೂಜಿ ತುಂಬಿದರು. ಹಾಕುವ ಮೊದಲು ಕಣ್ಣು ಮುಚ್ಚಿದರು. ಯಾರೂ ಹೇಳಿರಲಿಲ್ಲ.

ಫಲೇಸಿ ಚೇತರಿಸಿಕೊಂಡಳು. ಅವಳು ಏಳುವ ಹೊತ್ತಿಗೆ ಡಾಕ್ಟರೇ ಜ್ವರದಲ್ಲಿ ಮಲಗಿದ್ದರು. ಊರಿಗೆಲ್ಲ ಮಾತ್ರೆ ನುಂಗಿಸಿದವರು ತಾವು ನುಂಗುವುದನ್ನು ಮರೆತಿದ್ದರು. ಕಟ್ಟಳೆ ಕಟ್ಟಳೆಯೇ. ಅವರ ಚಾಪೆಯ ಪಕ್ಕ ಕೂರುವ ಸರದಿ ಫಲೇಸಿಯದಾಯಿತು.

ಒಂದು ಮಧ್ಯಾಹ್ನ ಡಾಕ್ಟರು ಥಟ್ಟನೆ ಕಣ್ಣು ಬಿಟ್ಟರು. ಹುಲ್ಲಿನ ಕಡೆಗೆ ತಿರುಗಿ ತುಟಿ ತೆರೆದರು. ಹುಡುಗಿ ತನ್ನ ಅಂಗೈಯನ್ನು ಅವರ ಬಾಯಿಗೆ ಒತ್ತಿ ಹಿಡಿದಳು.

“ಇದು ಮೊದಲನೆಯದು” ಎಂದಳು. “ತಡೀರಿ. ನಿಮ್ಮವ್ವನೇ ಆದರೆ ಇನ್ನೊಂದು ಸಲ ಕರೀತಾಳೆ.”

ಇಬ್ಬರೂ ಕಾದರು. ಹುಲ್ಲು ಅಲುಗಲಿಲ್ಲ. ಎರಡನೆಯ ಕರೆ ಬರಲೇ ಇಲ್ಲ. ಆಗ ಜೋಜಪ್ಪನವರು ಆ ಪುಟ್ಟ ಕೈಯನ್ನು ಹಿಡಿದುಕೊಂಡು, ತಾಯಿಯನ್ನು ಅಂದೇ ಕಳೆದುಕೊಂಡವರಂತೆ ಬಿಕ್ಕಿಬಿಕ್ಕಿ ಅತ್ತರು.

ಒಂದು ವರ್ಷಕ್ಕೆಂದು ಹೋದವರು ಅಲ್ಲೇ ಉಳಿದರು. ಅಮ್ಮನವರು ಪ್ರಭುವಿನ ಪಾದ ಸೇರಿದ ಮೇಲೆ ಆ ಚಾಪೆಗಳ ಸಾಲು ಅವರ ಪಾಲಿಗೆ ಬಂದಿದೆ. ಈಗಲೂ ಬೆಳಿಗ್ಗೆ ಬಾಗಿಲಲ್ಲಿ ನಿಂತು ರೋಗಿಯ ಹೆಸರು ಕರೆಯುತ್ತಾರೆ. ಯಾರೂ ಏಳುವುದಿಲ್ಲ. ಕೋಪದ ಮನುಷ್ಯ ಕೋಪ ಮಾಡಿಕೊಳ್ಳುವುದಿಲ್ಲ, ಹುಲ್ಲಿನ ಕಡೆ ಒಂದು ಗಳಿಗೆ ಕಿವಿಗೊಟ್ಟು, ಮತ್ತೆ ಕರೆಯುತ್ತಾರೆ.